ಬೇಗೂರಿನ ಗುಡಿ ಮುಂದೆ ಪದ್ಯ ಓದಿದ್ದು

ಭಾನುವಾರ ಬೆಳಗ್ಗೆ ಏಳಕ್ಕೆ ಬಸಪ್ಪನೂ ನಾನೂ ಜಯನಗರದಿಂದ ಬೇಗೂರಿಗೆ ಹೊರಟೆವು. ಅವನದು ಬಟ್ಟೆ ಅಂಗಡಿ, ನನ್ನದು ಗಾರೆ ಕೆಲಸ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆದರೆ ನಾನು ಕಟ್ಟಿದ ಗೋಡೆಗೆ ಯಾರು ಬೇಕಾದರೂ ತೂಕದ ಗುಂಡು ಇಳಿಬಿಟ್ಟು ನೋಡಲಿ, ಒಂದೆಳೆಯೂ ವಾಲಿರುವುದಿಲ್ಲ. ಪದ್ಯ ಬರೆಯುವ ಚಟ ಇಬ್ಬರಿಗೂ ಇತ್ತು. ಮೂರು ತಿಂಗಳಿಂದ ಪ್ರತಿ ಭಾನುವಾರ ಜಯನಗರದಲ್ಲೇ ಒಂದು ಬೇವಿನ ಮರದಡಿ ನಿಂತು ದಾರಿಹೋಕರಿಗೆ ಓದುತ್ತಿದ್ದೆವು. ಕೇಳುವವರು ಕಡಿಮೆಯಾಗುತ್ತ ಬಂದಿದ್ದರು. ಬೇಗೂರಿನಲ್ಲೂ ಯಾರೂ ಕೂರದಿದ್ದರೆ ನಿಲ್ಲಿಸಿಬಿಡುವುದೆಂದು ಮಾತಾಗಿತ್ತು.

ಸುದ್ದಗುಂಟೆಪಾಳ್ಯದ ಮೇಲೆ ನಡೆದು ಮಡಿವಾಳದಲ್ಲಿ ಬಸ್ಸು ಹತ್ತಿದೆವು. ಬೊಮ್ಮನಹಳ್ಳಿಗೆ ತಲಾ ಹತ್ತು ನಯೇಪೈಸೆ. ಮುಂದೆ ಮಣ್ಣಿನ ದಾರಿ, ಎರಡೂವರೆ ಮೈಲಿ ಇರಬಹುದು. ರಾಗಿ ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು. ಮಂಜಿನಲ್ಲೇ ಕೂತು, ಕಟ್ಟಿಕೊಂಡು ಹೋಗಿದ್ದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು.

ನಾಗೇಶ್ವರನ ಗುಡಿ ಮುಂದೆ ಬಸಪ್ಪ ತನ್ನ ಬಟ್ಟೆ ಅಂಗಡಿಯ ಹೆಸರು ಹೇಳಿಕೊಂಡು ಕೂಗಿ ಕರೆದದ್ದಕ್ಕೆ ಮೂವತ್ತು ಜನವಾದರೂ ಬಂದು ಕೂತರು. ನಾನು ಎದೆಯುಬ್ಬಿಸಿ ಓದಿದೆ:

ಕಟ್ಟಿದವನೇ ಹೊರಗೆ ನಿಂತ,
ಬಾಗಿಲಿಗೆ ಅವನ ಗುರುತಿಲ್ಲ.

ಯಾರೂ ಅಲುಗಾಡಲಿಲ್ಲ. ಎಲ್ಲರೂ ನನ್ನ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದರು. ಮುಂದೆ ಕೂತಿದ್ದ ಹಿರಿಯ ರೈತರು, ಮುನಿವೆಂಕಟಪ್ಪನವರು, ಕೇಳಿದರು: "ಅರ್ಥ ಹೇಳೋರು ಎಲ್ಲಪ್ಪಾ?"

ಅಲ್ಲಿ ಗುಡಿ ಮುಂದೆ ಒಬ್ಬರು ಕಾವ್ಯ ಓದಿದರೆ ಇನ್ನೊಬ್ಬರು ಅರ್ಥ ಹೇಳಬೇಕು. ಹೇಳುವ ತನಕ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲವಂತೆ. ನಾವು ಒಬ್ಬರನ್ನೂ ಕರೆತಂದಿರಲಿಲ್ಲ.

"ಬಟ್ಟೆ ಅಂಗಡಿಯೋರು, ಪದ್ಯದ ಜೊತೆ ಅರ್ಥಾನೂ ಕೊಸರಿಗೆ ಕೊಡ್ತಾರೆ ಅಂದ್ಕೊಂಡೆ," ಎಂದಳು ಒಬ್ಬ ಮುದುಕಿ. ಜನ ನಕ್ಕರು. ಇಬ್ಬರು ಎದ್ದರು.

"ಏನಾದ್ರೂ ಹೇಳಯ್ಯಾ, ಎದ್ದೋಗ್ತಾವ್ರೆ," ಎಂದು ಬಸಪ್ಪ ಪಿಸುಗುಟ್ಟಿದ.

ಅರ್ಥ ನನಗೆ ಗೊತ್ತಿರಲಿಲ್ಲವೇ? ನಾನೇ ತಳಪಾಯದಿಂದ ಕಟ್ಟಿದ ಮನೆಯ ಗೃಹಪ್ರವೇಶಕ್ಕೆ ಒಗೆದ ಪಂಚೆ ಉಟ್ಟು ಹೋಗಿದ್ದೆ. ಯಜಮಾನರ ಅಳಿಯ ಬಾಗಿಲಲ್ಲೇ ತಡೆದು, ಯಾರು ನೀನು ಎಂದು ಕೇಳಿದ್ದ. ಅದನ್ನು ನಾಲ್ಕು ಜನರೆದುರು ಬಾಯಿಬಿಡುವವನಲ್ಲ ನಾನು.

ಮುನಿವೆಂಕಟಪ್ಪನವರು ಟವಲು ಕೊಡವಿಕೊಂಡು ಎದ್ದು ಬಂದು ಆ ಖಾಲಿ ಜಾಗದಲ್ಲಿ ಕೂತರು. "ಮನೆ ಅಂದ್ರೆ ಈ ಶರೀರ. ಕಟ್ಟಿದೋನು ಶಿವ. ಕಟ್ಕೊಟ್ಟೋನ್ನೇ ನಾವು ಒಳಕ್ಕೆ ಕರೀಲಿಲ್ಲ. ಅಲ್ವೇನಪ್ಪಾ?"

ಜನರನ್ನು ನಗಿಸಿದ್ದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದವರು ಮತ್ತೆ ಕೂತಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಹೌದೆಂದು ಆಡಿಸಿದೆನೋ, ಇಲ್ಲವೆಂದೋ, ಈಗಲೂ ತಿಳಿಯದು. ಅವರು ಹೌದೆಂದೇ ತಿಳಿದರು.

ಉಳಿದ ಸಾಲುಗಳಿಗೂ ಅವರೇ ಅರ್ಥ ಹೇಳಿದರು. ಬರುವ ಹುಣ್ಣಿಮೆಗೆ ತಪ್ಪದೆ ಬರಬೇಕೆಂದೂ ಹೇಳಿದರು. ಗೆದ್ದೆವೆಂದು ಬಸಪ್ಪ ದಾರಿಯುದ್ದಕ್ಕೂ ಕುಣಿದ. ಕೆರೆ ಏರಿಯ ಮೇಲೆ ನಿಂತು ಹಿಂದಿರುಗಿ ನೋಡಿದೆ. ಗುಡಿ ಮುಂದೆ ಮುನಿವೆಂಕಟಪ್ಪನವರು ತಡವಾಗಿ ಬಂದವರಿಗೆ ಕೈಯಾಡಿಸುತ್ತ ಏನೋ ವಿವರಿಸುತ್ತಿದ್ದರು. ಹುಣ್ಣಿಮೆಗೆ ಹೋಗಿ ನಿಜವಾದ ಅರ್ಥ ಹೇಳಿಬಿಡಲೋ, ಇನ್ನೊಂದು ಪದ್ಯ ಒಯ್ದು ಅವರ ಬಾಯಿಂದಲೇ ಅರ್ಥ ಕೇಳಲೋ, ಮನೆ ಸೇರುವವರೆಗೂ ತೀರ್ಮಾನವಾಗಲಿಲ್ಲ.