ಗೀಸರ್ ಸ್ವಿಚ್ಚಿನ ಮೇಲಿನ ಟೇಪು

ದುಬೈಗೆ ನಾನು ಹೋದದ್ದು ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುವುದಕ್ಕೆ. ಅಲ್ಲಿನ ಕರಾಮ ಬಡಾವಣೆಯ ಒಂದು ಸಣ್ಣ ತರಬೇತಿ ಸಂಸ್ಥೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಅಂಗಡಿ, ಗೋದಾಮು, ಆಸ್ಪತ್ರೆಗಳ ನೌಕರರು ಡ್ಯೂಟಿಗೆ ಹೊರಡುವ ಮೊದಲು ಬಂದು ಕೂರುತ್ತಿದ್ದರು. ಮೊದಲ ತಿಂಗಳಲ್ಲಿ ಮೂರು ಸಲ ತಡವಾಗಿ ಹೋಗಿದ್ದೆನೆಂದು ನನ್ನ ನೆನಪು. ಸಂಸ್ಥೆ ನಡೆಸುತ್ತಿದ್ದ ಮಂಗಳೂರಿನ ಮೇಡಂ ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿಟ್ಟರು. ಏಳು ಸಲ.

"ಪ್ರೊಬೇಷನ್ ಇನ್ನು ಎರಡು ತಿಂಗಳು ಉಂಟು. ಕೊನೆಗೆ ನಾನೇ ಬಂದು ಕ್ಲಾಸಲ್ಲಿ ಕೂರ್ತೇನೆ. ಸರಿ ಕಾಣದಿದ್ರೆ ವೀಸಾ ಕ್ಯಾನ್ಸಲ್, ನೀವು ಊರಿಗೆ. ಮೊದಲೇ ಹೇಳಿದೆ ಅಷ್ಟೆ."

ಅದುವರೆಗೆ ಮೂರು ಕೆಲಸ ಹಿಡಿದು ಮೂರನ್ನೂ ಅರ್ಧಕ್ಕೆ ಬಿಟ್ಟಿದ್ದೆ. ನಾಲ್ಕನೆಯದನ್ನು ಬಿಡುವುದಿದ್ದರೆ ನಾನಾಗಿ ಬಿಡಬೇಕಿತ್ತು. ತಡವಾಗಿ ಹೋಗಿ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ತಡವಾಗಲು ಕಾರಣ ಬಚ್ಚಲು. ಐದು ಜನರ ಫ್ಲ್ಯಾಟಿಗೆ ಒಂದೇ ಬಚ್ಚಲು. ಅದರ ಬಾಗಿಲಿಗೆ ಪಾಳಿಯ ಚೀಟಿ ಅಂಟಿಸಿತ್ತು. ನನ್ನ ಪಾಳಿ ಆರೂವರೆಗೆ. ಐದರದ್ದು ಉಡುಪಿ ಕಡೆಯ ಹಿರಿಯರೊಬ್ಬರದು. ಹೋಟೆಲೊಂದರಲ್ಲಿ ಬೆಳಗಿನ ತಿಂಡಿಯ ಅಡುಗೆಯವರು, ಐದೂವರೆಗೆ ಅವರ ಕಂಪನಿ ಬಸ್ಸು. ಅವರಿಗೂ ಮೊದಲಿನ ಹದಿನೈದು ನಿಮಿಷ ಯಾರಿಗೂ ಬೇಡವಾಗಿತ್ತು. ಚೀಟಿಯ ಮೇಲ್ತುದಿಯಲ್ಲಿ 'ನಾಲ್ಕು ನಲವತ್ತೈದು' ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದೆ. ಉಳಿದವರು ಓದಿ ನಕ್ಕರು.

ಅಲ್ಲಿ ಬೇಸಿಗೆಯಲ್ಲಿ ಯಾರೂ ಗೀಸರ್ ಹಾಕುವುದಿಲ್ಲ. ಛಾವಣಿಯ ಟ್ಯಾಂಕಿನ ನೀರು ಬೆಳಗಿನ ಜಾವದಲ್ಲೂ ಬಿಸಿಯಾಗಿಯೇ ಇಳಿಯುತ್ತದೆ. ಸ್ವಿಚ್ ಆರಿಸಿದ ಗೀಸರಿನೊಳಗೆ ರಾತ್ರಿಯಿಡೀ ನಿಂತು ತಣಿದ ನೀರೇ ಸ್ನಾನಕ್ಕೆ. ತಣ್ಣೀರು ಬೇಕೆಂದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು. ತಲೆಗೊಂದು ಬಕೆಟ್ ಎಂಬುದು ನಿಯಮ.

ಮೊದಲ ದಿನ ನಾನು ಸ್ನಾನ ಮುಗಿಸಿ ಬಂದು ಪುಸ್ತಕ ಬಿಚ್ಚಿದ್ದೆ. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಅಡುಗೆಯವರು ಟವೆಲ್ ಸುತ್ತಿಕೊಂಡು ಹೊರಬಂದರು.

"ಎಂತ ಮಾಷ್ಟ್ರೇ, ನನ್ನನ್ನೇ ಇಡ್ಲಿ ಮಾಡ್ಲಿಕ್ಕೆ ಹೊರಟದ್ದಾ? ಗೀಸರ್ ಯಾಕೆ ಹಾಕಿದ್ದು?"

"ನಾನು ಮುಟ್ಟಲೇ ಇಲ್ಲ ಅಣ್ಣ."

"ಹಾಗಾದ್ರೆ ಅದೇ ಹೋಗಿ ಆನ್ ಮಾಡಿಕೊಂಡಿತಾ?"

ಮುಟ್ಟಿರಲಿಲ್ಲ ಎಂಬುದು ನನಗೆ ಖಂಡಿತವಾಗಿತ್ತು. ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು, ವಾದ ಮಾಡಿದೆ. ಅವರು ಆ ರಾತ್ರಿ ಮಲಗುವ ಮೊದಲು ಸ್ವಿಚ್ಚಿನ ಮೇಲೆ ಅಡ್ಡಲಾಗಿ ಕಂದು ಟೇಪು ಅಂಟಿಸಿದರು. ಮರುದಿನ ಸ್ನಾನ ಮುಗಿಸಿ ಕನ್ನಡಕ ಹಾಕಿಕೊಳ್ಳಲು ಹೋದಾಗ ಹೆಬ್ಬೆರಳಿಗೆ ಏನೋ ಅಂಟಿಕೊಂಡಿತ್ತು. ಕಂದು ಟೇಪಿನ ಚೂರು. ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. ಟೇಪನ್ನು ಕಿತ್ತದ್ದು ನನಗೆ ಈಗಲೂ ನೆನಪಿಲ್ಲ. ಊರಿನಲ್ಲಿ ವರ್ಷಗಟ್ಟಲೆ ಎದ್ದ ಕೂಡಲೇ ಮಾಡಿದ ಕೆಲಸವನ್ನು ಕೈ ತಾನೇ ಮಾಡಿ ಮುಗಿಸಿತ್ತು.

ಅವರ ಪಾಳಿಗೆ ಮೊದಲೇ ಸ್ವಿಚ್ ಆರಿಸಿ, ನನ್ನ ಬೆರಳನ್ನು ಅವರಿಗೆ ತೋರಿಸಿದೆ.

"ಖಲಾಸ್," ಎಂದರು. "ಈಗ ಗೊತ್ತಾಯ್ತಲ್ಲ. ನಾಳೆಯಿಂದ ನನ್ನ ಬಕೆಟ್ ಮೊದಲು ತುಂಬಿಸಿಡಿ, ಆಮೇಲೆ ನಿಮ್ಮದು."

ನನ್ನನ್ನು ಕಾಡಿದ್ದು ನೀರಲ್ಲ. ಬೆಳಿಗ್ಗೆ ಹೀಗಾದರೆ ಏಳು ಗಂಟೆಯ ತರಗತಿಯಲ್ಲಿ ಏನು ಮಾಡುತ್ತಿದ್ದೆ? ನನ್ನ ನೆನಪಿನಲ್ಲಿ ನಾನು ಚೆನ್ನಾಗಿಯೇ ಕಲಿಸುತ್ತಿದ್ದೆ. ಅಲ್ ಕೂಜ್‌ನ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಪುತ್ತೂರಿನ ವಿದ್ಯಾರ್ಥಿಯೊಬ್ಬ ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತಿದ್ದ. ಅವನ ನೋಟ್‌ಬುಕ್ ಕೇಳಿದೆ.

"ಕೊಡ್ತೇನೆ ಸರ್. ಆದ್ರೆ ಬೇಜಾರು ಮಾಡ್ಬಾರ್ದು."

ಫೋನಿನಲ್ಲಿ ಮಾತಾಡುವ ಪಾಠವನ್ನು ಎರಡು ಸಲ ಮಾಡಿದ್ದೆ. ಎರಡು ಸಲವೂ ಅದೇ ಜೋಕು ಹೇಳಿದ್ದೆ. ಅವನು ಅದನ್ನೂ ಬರೆದುಕೊಂಡಿದ್ದ. ಪುಟದ ಮೇಲೆ ಪುಟ ನನ್ನ ಮಾತೇ. ಅವರು ಬಾಯಿ ತೆರೆದದ್ದಕ್ಕೆ ಒಂದು ಗುರುತೂ ಇರಲಿಲ್ಲ.

ಅಂದಿನಿಂದ ಬೆಳಗಿನ ಕ್ರಮ ಗಟ್ಟಿಯಾಯಿತು. ಎದ್ದು ಅಣ್ಣನ ಬಕೆಟ್ ತುಂಬಿಸುವುದು, ಸ್ವಿಚ್ಚಿಗೆ ಮತ್ತೆ ಅಂಟಿಸಿದ ಟೇಪು ಮುಟ್ಟಿ ನೋಡುವುದು, ಸ್ನಾನ. ಆಮೇಲೆ ಹಿಂದಿನ ದಿನದ ತರಗತಿಯನ್ನು ನೆನಪಿನಿಂದ ಬರೆದು, ದಿನವೂ ತರಗತಿ ಮುಗಿದ ಮೇಲೆ ಕೇಳಿ ತರುತ್ತಿದ್ದ ಸ್ಟೋರ್‌ಕೀಪರನ ನೋಟ್‌ಬುಕ್ಕಿನ ಪಕ್ಕ ಇಟ್ಟು ತಪ್ಪಿದ ಕಡೆ ಗೆರೆ ಎಳೆಯುವುದು. ಗೆರೆಗಳು ಕಡಿಮೆಯಾಗಲು ಮೂರು ವಾರ ಹಿಡಿಯಿತು. ಆಗ ಅಲ್ಲಿ ಶುಕ್ರವಾರ, ಶನಿವಾರ ರಜೆ. ಭಾನುವಾರ ಮತ್ತೆ ಏಳಲಾಗುತ್ತಿರಲಿಲ್ಲ. ಹಾಗಾಗಿ ರಜೆಯಲ್ಲೂ ಎದ್ದೆ. ಮಲಗಿದ್ದವರು ದಿಂಬು ಎಸೆದರು. ನಾನು ಬಿಡಲಿಲ್ಲ.

ಪ್ರೊಬೇಷನ್ನಿನ ಆ ಎರಡು ತಿಂಗಳು ಮುಗಿಯುವಾಗ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಸ್ಟೋರ್‌ಕೀಪರನಿಗೆ ಕೆಲಸ ಕೊಟ್ಟೆ: ಹತ್ತು ಪೆಟ್ಟಿಗೆ ಕಡಿಮೆ ಬಂದಿವೆ, ಕಳಿಸಿದವನಿಗೆ ಫೋನು ಮಾಡು. ಅದೇ ತರಗತಿಯ, ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವ ಹೆಂಗಸು ಕಳಿಸಿದವರ ಪಾತ್ರದಲ್ಲಿ ಫೋನೆತ್ತಿ, ಪೆಟ್ಟಿಗೆಯನ್ನು ನೀವೇ ಸರಿಯಾಗಿ ಎಣಿಸಿಲ್ಲ ಎಂದು ಇಂಗ್ಲಿಷಿನಲ್ಲೇ ದಬಾಯಿಸಿದರು. ಅವನು ತಡವರಿಸಿದ, ಬಿಡಲಿಲ್ಲ. ತಿದ್ದಬೇಕೆಂದು ನಾಲ್ಕು ಸಲ ಬಾಯಿಗೆ ಬಂತು. ಬೆರಳು ಬೆರಳಿಗೆ ಹೆಣೆದು ಕೂತೆ. ಕೊನೆಗೆ ಆಕೆ ಪೆಟ್ಟಿಗೆ ಕಳಿಸಲು ಒಪ್ಪಿದರು, ತರಗತಿ ನಕ್ಕಿತು.

ಮೇಡಂ ಏಳುತ್ತಾ, "ನೀವು ಎಂತ ಮಾಡಿದ್ರಿ ಇವತ್ತು? ಅವರೇ ಎಲ್ಲ ಮಾಡಿದ್ರಲ್ಲ," ಎಂದರು. ಆಮೇಲೆ ಬಾಗಿಲಲ್ಲಿ ನಿಂತು, "ಎಂಟೂವರೆಗೆ ಬನ್ನಿ, ಕನ್ಫರ್ಮೇಷನ್ ಲೆಟರಿಗೆ ಸೈನ್ ಮಾಡ್ಲಿಕ್ಕೆ," ಎಂದರು.

ಹಾಗೆಂದರು ಎಂದು ನನ್ನ ನೆನಪು. ಮಾರನೆಯ ದಿನ ನಾಲ್ಕು ನಲವತ್ತೈದಕ್ಕೆ ಎದ್ದು, ಅಣ್ಣನ ಬಕೆಟ್ ತುಂಬಿಸಿ, ಹಿಂದಿನ ದಿನದ ತರಗತಿಯನ್ನು ನೆನಪಿನಿಂದ ಬರೆದು, ಆಮೇಲೆ ನೋಟ್‌ಬುಕ್ ಬಿಚ್ಚಿ ನೋಡಿದೆ. ಸ್ಟೋರ್‌ಕೀಪರ್ ಆ ತಾರೀಖಿನ ಕೆಳಗೆ ತನ್ನ ಫೋನಿನ ಮಾತನ್ನೆಲ್ಲ ಬರೆದುಕೊಂಡಿದ್ದ. ನನ್ನ ಬಗ್ಗೆ ಒಂದೇ ಸಾಲು, ಕನ್ನಡದಲ್ಲಿ: ಸರ್ ಸುಮ್ಮನೆ ಕೂತಿದ್ದರು.

ಅದಕ್ಕೆ ಗೆರೆ ಎಳೆಯಬೇಕಾಗಲಿಲ್ಲ.