ಬಾಗಿಲಿಗೆ ಅಡ್ಡವಾಗಿದ್ದ ಕುರ್ಚಿ

ಕಾಪುವಿನ ಇಗರ್ಜಿಯೊಂದರಲ್ಲಿ ವರ್ಷಕ್ಕೊಮ್ಮೆ ಬಡವರ ಸಹಾಯಾರ್ಥ ಹಳೆಯ ಪುಸ್ತಕಗಳ ಮಾರಾಟ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದ ನಿವೃತ್ತ ಟೀಚರ್, ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂರುತ್ತಿದ್ದರು. ರೇಷನ್ ಅಂಗಡಿಯ ರೂಢಿಯಂತೆ ಯಾರಾದರೂ ಸಾಲಿನಲ್ಲಿ ಚೀಲವಿಟ್ಟು ಹೋದರೆ, ಕೊಡೆಯ ತುದಿಯಿಂದ ಅದನ್ನು ಸರಿಸಿ, “ಚೀಲ ಓದುತ್ತದಾ?” ಎನ್ನುತ್ತಿದ್ದರು.

ಕಾಲೇಜಿನಲ್ಲಿ ಓದುತ್ತಿದ್ದ ನಾನು ಒಮ್ಮೆ ಆ ಸಾಲಿನಲ್ಲಿ ನಿಂತಿದ್ದಾಗ ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬ ಜೀಪಿನಲ್ಲಿ ಬಂದ. ಮಣಿಪಾಲದ ಡಾಕ್ಟರೊಬ್ಬರು ಕೊಟ್ಟಿದ್ದ ವೈದ್ಯಕೀಯ ಪುಸ್ತಕಗಳೆಲ್ಲ ಅವನಿಗೆ ಬೇಕಿದ್ದವು.

“ಒಟ್ಟಿಗೇ ಕೊಂಡರೆ ನಿಮಗೇ ಲಾಭ ಅಲ್ವಾ ಟೀಚರ್?”

“ಕೊಟ್ಟವರು ಓದುವ ಮಕ್ಕಳಿಗೆಂದು ಕೊಟ್ಟದ್ದು ಮಾರಾಯ. ಸಾಲು ಹಿಂದೆ ಉಂಟು.”

ಆತ ಸಿಟ್ಟಿನಿಂದ ಜೀಪನ್ನು ಹಿಮ್ಮುಖವಾಗಿ ಬಾಗಿಲಿಗೇ ಬಿಟ್ಟ. ನಾನು ಕಿರುಚಿದೆ. ಟೀಚರ್ ಏಳಲಿಲ್ಲ. ಜೀಪು ಅವರ ಮೊಣಕಾಲಿಗೆ ತಾಗಿ ನಿಂತಿತು; ಕೊಡೆ ಮುರಿದಿತ್ತು. ಇಂದಿಗೂ ಬೆನ್ನ ಹಿಂದೆ ಜೀಪಿನ ಸದ್ದು ಕೇಳಿದರೆ ನಾನು ರಸ್ತೆಯಿಂದ ಕೆಳಗಿಳಿದು ನಿಲ್ಲುತ್ತೇನೆ.

ಆತ ಬೆವರುತ್ತ ಜೀಪನ್ನು ಮುಂದಕ್ಕೆ ತೆಗೆದು, ಇಳಿದು ಸಾಲಿನ ಕೊನೆಗೆ ಹೋದ. ಟೀಚರ್ ಕುರ್ಚಿ ಸರಿಸಿ ಬಾಗಿಲು ತೆರೆದರು. ಸಾಲಿನ ಮುಂದಿದ್ದ ಎರ್ಮಾಳಿನ ನರ್ಸಿಂಗ್ ಹುಡುಗಿ ದಪ್ಪ ಪುಸ್ತಕವೊಂದನ್ನು ಎದೆಗೊತ್ತಿಕೊಂಡು ಹೊರಬಂದಳು.

ವ್ಯಾಪಾರಿಯ ಸರದಿ ಬಂದಾಗ ಟೀಚರ್ ಎಲ್ಲರನ್ನೂ ಕೇಳಿದ ದನಿಯಲ್ಲೇ ಕೇಳಿದರು: “ನಿಮಗೆ ಎಂತ ಓದಲಿಕ್ಕೆ ಇಷ್ಟ?”

ಆತ ಖಾಲಿ ಗೋಣಿಚೀಲವನ್ನು ಮಡಚಿ ಕಂಕುಳಲ್ಲಿಟ್ಟು, ಒಳಗೆ ಹೋಗಿ ಒಂದು ಪುಸ್ತಕದ ಮೊದಲ ಪುಟ ಓದತೊಡಗಿದ.