ರಜೆಯ ದಿನದ ತಟ್ಟೆ

ಲಾಡ್ಜಿನಲ್ಲಿ ಹನ್ನೊಂದು ವರ್ಷದಿಂದ ದಿನಕ್ಕೆ ಆರು ಗಂಟೆ ಚಾದರ ಒಗೆಯುವ ಚಾದರಮಾಮನಿಗೆ ಸಂಬಳವಿಲ್ಲ. ಕೆಲಸಕ್ಕೆ ಬದಲಾಗಿ ಮೆಟ್ಟಿಲ ಕೆಳಗಿನ ಕೋಣೆ, ಎರಡು ಹೊತ್ತಿನ ಊಟ, ಅಷ್ಟೇ ಮಾತು. ಅವನ ಮೊಣಕಾಲು ಊದಿದ್ದು ಕಂಡು ಲಾಡ್ಜಿನ ಒಡತಿ, "ಒಂದು ವಾರ ಕೆಲಸ ಮುಟ್ಟಬೇಡ" ಎಂದಳು. ಕೆಲಸವಿಲ್ಲವೆಂದರೆ ಕೋಣೆಯೂ ಇಲ್ಲವೇ? ಬಟ್ಟೆಬರೆ ಗಂಟು ಕಟ್ಟಿ ಮಂಚದ ತುದಿಯಲ್ಲಿ ಕೂತ.

ಮಧ್ಯಾಹ್ನ ಒಡತಿ ಊಟದ ತಟ್ಟೆ ಹಿಡಿದು ಬಂದಳು. "ಎಲ್ಲಿಗೆ ಮಾಮಾ ಸವಾರಿ?"

"ಕೆಲಸ ಬೇಡ ಅಂದ್ರಲ್ಲಮ್ಮಾ..."

"ಕಾಲಿಗೆ ರಜೆ ಕೊಟ್ರೆ ತಲೆಗೂ ಕೊಟ್ಬಿಟ್ಯಾ? ಉಣ್ಣು ಮೊದ್ಲು!"

ಉಂಡ. ಗಂಟೂ ಬಿಚ್ಚಿದ. ಆದರೆ ಎಂಜಲು ತಟ್ಟೆ ಹಿಡಿದು ನಿಂತೇ ಇದ್ದ. ತೊಳೆದರೆ ಕೆಲಸ ಮುಟ್ಟಿದ ಹಾಗೆ, ತೊಳೆಯದೆ ಬಿಟ್ಟರೆ ತಾನೂ ದುಡ್ಡು ಕೊಟ್ಟ ಗಿರಾಕಿಯ ಹಾಗೆ. ಏನೂ ತೋಚದೆ ಅದನ್ನು ಮಂಚದ ಕೆಳಗೆ ತಳ್ಳಿ ಮಲಗಿಬಿಟ್ಟ.